ಹಸಿರು ಸೋಮವಾರದಿಂದ ನೀರಿನ ಸೋಮವಾರದವರೆಗೆ: ಸೈಪ್ರಸ್ ದ್ವೀಪದ ವಸಂತ

ಸೈಪ್ರಸ್ ದ್ವೀಪದಲ್ಲಿ ಮಳೆಗಾಲ ಬರುವುದು ಚಳಿಗಾಲದಲ್ಲಿ. ನವೆಂಬರ್‌ನಲ್ಲಿ ಹಿಡಿದ ಮಳೆ ಮಾರ್ಚ್ ಕಳೆಯುವ ಹೊತ್ತಿಗೆ ಬಿಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅಂದರೆ ನಾವು ಕೊಡೆ ಹಿಡಿದು ಓಡಾಡುವ ತಿಂಗಳುಗಳಲ್ಲಿ, ಅಲ್ಲಿ ಹನಿ ಬೀಳುವುದೇ ಅಪರೂಪವಾಗಿ ಬಯಲುಗಳೆಲ್ಲ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತವೆ. ಈ ಎರಡು ಕಾಲಗಳ ನಡುವೆ, ನೆಲದಲ್ಲಿ ತೇವ ಇನ್ನೂ ಉಳಿದಿದ್ದು ಬಿಸಿಲು ಹಿತವಾಗಿರುವ ಸುಮಾರು ಮೂರು ತಿಂಗಳ ಅವಧಿಯೇ ಅಲ್ಲಿನ ವಸಂತ. ಗಿಡಗಳು ಹೂ ಬಿಟ್ಟು ಬೀಜ ಕಟ್ಟುವುದು, ವಲಸೆ ಹಕ್ಕಿಗಳು ಇಳಿದು ಹೋಗುವುದು, ಕುರಿ ಮೇಕೆಗಳು ಸಮೃದ್ಧವಾಗಿ ಹಾಲು ಕೊಡುವುದು, ಜನರು ಉಪವಾಸ ಹಿಡಿದು ಹಬ್ಬ ಮಾಡುವುದು ಎಲ್ಲವೂ ಈ ಕಿರಿದಾದ ಅವಧಿಯಲ್ಲಿಯೇ ನಡೆಯುತ್ತವೆ.

2025ರ ಜೂನ್‌ನಲ್ಲಿ ಭಾರತದ ಪ್ರಧಾನಿ ಸೈಪ್ರಸ್‌ಗೆ ಭೇಟಿ ಕೊಟ್ಟ ಮೇಲೆ ಈ ದ್ವೀಪದ ಹೆಸರು ನಮ್ಮ ಪತ್ರಿಕೆಗಳಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತಿದೆ. ಪ್ರವಾಸಕ್ಕೆ ಯೋಚಿಸುವವರೂ ಇದ್ದಾರೆ. ಅಂಥವರು ಸಾಮಾನ್ಯವಾಗಿ ನೋಡುವ ಚಿತ್ರ ಬೇಸಿಗೆಯ ಕಡಲತೀರದ್ದು. ವಸಂತದಲ್ಲಿ ಅಲ್ಲಿ ಏನಾಗುತ್ತದೆ, ಏಕೆ ಆಗುತ್ತದೆ, ಹಬ್ಬದ ದಿನಾಂಕಗಳು ಪ್ರತಿವರ್ಷ ಏಕೆ ಜಾರುತ್ತವೆ ಎಂಬುದನ್ನು ಬುಡದಿಂದ ವಿವರಿಸುವುದು ಈ ಬರಹದ ಉದ್ದೇಶ.

ದ್ವೀಪದ ಪರಿಚಯ

ಸೈಪ್ರಸ್ ಮೆಡಿಟರೇನಿಯನ್ ಸಮುದ್ರದ ಪೂರ್ವದ ಮೂಲೆಯಲ್ಲಿದೆ. ಅದರ ಉತ್ತರಕ್ಕೆ ಟರ್ಕಿ, ಪೂರ್ವಕ್ಕೆ ಸಿರಿಯಾ ಮತ್ತು ಲೆಬನಾನ್, ದಕ್ಷಿಣಕ್ಕೆ ದೂರದಲ್ಲಿ ಈಜಿಪ್ಟ್. ಸಿಸಿಲಿ ಮತ್ತು ಸಾರ್ಡಿನಿಯಾಗಳ ನಂತರ ಈ ಸಮುದ್ರದ ಮೂರನೆಯ ದೊಡ್ಡ ದ್ವೀಪ ಇದು. ವಿಸ್ತೀರ್ಣ 9,251 ಚದರ ಕಿ.ಮೀ., ಅಂದರೆ ನಮ್ಮ ತುಮಕೂರು ಜಿಲ್ಲೆಗಿಂತ ತುಸು ಚಿಕ್ಕದು. ಉತ್ತರದ ಅಂಚಿನುದ್ದಕ್ಕೂ ಸುಣ್ಣಕಲ್ಲಿನ ಒಂದು ಸಪೂರ ಬೆಟ್ಟಸಾಲು, ನೈಋತ್ಯದಲ್ಲಿ ತ್ರೂದೊಸ್ ಎಂಬ ವಿಶಾಲವಾದ ಪರ್ವತ, ಎರಡರ ನಡುವೆ ಮೆಸಾಓರಿಯ ಎಂಬ ಬಯಲು. ಮೆಸಾಓರಿಯ ಎಂದರೆ ಗ್ರೀಕ್ ಭಾಷೆಯಲ್ಲಿ ‘ಬೆಟ್ಟಗಳ ನಡುವಣದು’ ಎಂದೇ ಅರ್ಥ. ತ್ರೂದೊಸ್‌ನ ತುದಿಯ ಎತ್ತರ 1,952 ಮೀಟರ್. ಈ ಪರ್ವತ ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳವಾಗಿದ್ದು, ಭೂಫಲಕಗಳ ಒತ್ತಡಕ್ಕೆ ಮೇಲೆದ್ದು ಬಂದದ್ದು. ಆ ತಳದ ಬಂಡೆಗಳ ಜೊತೆಗೇ ಮೇಲೆ ಬಂದ ತಾಮ್ರದಿಂದ ದ್ವೀಪ ಪ್ರಾಚೀನ ಕಾಲದಲ್ಲಿ ಹೆಸರು ಮಾಡಿತು. ತಾಮ್ರಕ್ಕೆ ಲ್ಯಾಟಿನ್ ಭಾಷೆಯಲ್ಲಿರುವ ‘ಕುಪ್ರುಮ್’ ಎಂಬ ಪದ ಹುಟ್ಟಿದ್ದೇ ಸೈಪ್ರಸ್‌ನ ಹೆಸರಿನಿಂದ.

ಮಳೆ ಏಕೆ ಚಳಿಗಾಲದಲ್ಲಿ ಬರುತ್ತದೆ

ಭೂಮಧ್ಯರೇಖೆಯ ಬಳಿ ಕಾದು ಮೇಲೇರಿದ ಗಾಳಿ ಉತ್ತರಕ್ಕೆ ಸಾಗಿ ಸುಮಾರು 30 ಡಿಗ್ರಿ ಅಕ್ಷಾಂಶದ ಸುತ್ತ ಕೆಳಕ್ಕಿಳಿಯುತ್ತದೆ. ಇಳಿಯುವ ಗಾಳಿ ಬಿಸಿಯಾಗಿ ಒಣಗುವುದರಿಂದ ಅಲ್ಲಿ ಮೋಡ ಕಟ್ಟುವುದಿಲ್ಲ. ಪಾತ್ರೆಯ ಬಾಯಿಗೆ ಮುಚ್ಚಳ ಹಾಕಿದಂತೆ ಅದು ಕೆಳಗಿನ ಗಾಳಿಯನ್ನು ಮೇಲೇಳಲು ಬಿಡುವುದಿಲ್ಲ. ಬೇಸಿಗೆಯಲ್ಲಿ ಸೂರ್ಯನೊಂದಿಗೆ ಈ ಮುಚ್ಚಳವೂ ಉತ್ತರಕ್ಕೆ ಸರಿದು ಮೆಡಿಟರೇನಿಯನ್ನಿನ ಮೇಲೆ ಕೂರುತ್ತದೆ. ಚಳಿಗಾಲದಲ್ಲಿ ಅದು ದಕ್ಷಿಣಕ್ಕೆ ಸರಿದಾಗ ಪಶ್ಚಿಮದಿಂದ ಬರುವ ಮಳೆಮಾರುತಗಳಿಗೆ ದಾರಿ ತೆರೆದುಕೊಳ್ಳುತ್ತದೆ. ಉತ್ತರ ಭಾರತದ ಹವಾಮಾನ ಸುದ್ದಿಯಲ್ಲಿ ನಾವು ಕೇಳುವ, ಪಂಜಾಬಿನ ಗೋಧಿಗೆ ಮಳೆ ತಂದು ಹಿಮಾಲಯದಲ್ಲಿ ಹಿಮ ಸುರಿಸುವ ಪಶ್ಚಿಮದ ಪ್ರಕ್ಷುಬ್ಧತೆಗಳೂ ಇದೇ ಮೆಡಿಟರೇನಿಯನ್ ಕಡೆಯಿಂದ ಹೊರಟು ಬರುವಂಥವು.

ಹೀಗೆ ಬರುವ ಮಳೆಯೂ ಹೆಚ್ಚಲ್ಲ. ದ್ವೀಪದ ವಾರ್ಷಿಕ ಸರಾಸರಿ 500 ಮಿ.ಮೀ.ಗಿಂತ ಕಡಿಮೆ; ತ್ರೂದೊಸ್‌ನ ತುದಿಯಲ್ಲಿ 1,000 ಮಿ.ಮೀ. ದಾಟಿದರೂ ನಡುವಣ ಬಯಲಿಗೆ ಸಿಗುವುದು 300 ಮಿ.ಮೀ. ಆಸುಪಾಸು. ವರ್ಷಪೂರ್ತಿ ಹರಿಯುವ ದೊಡ್ಡ ನದಿ ಒಂದೂ ಇಲ್ಲ. ಹಾಗಾಗಿ 1960ರಲ್ಲಿ ಸ್ವತಂತ್ರವಾದ ಮೇಲೆ ‘ಒಂದು ಹನಿಯೂ ಸಮುದ್ರದ ಪಾಲಾಗಬಾರದು’ ಎಂಬ ಘೋಷಣೆಯೊಂದಿಗೆ ದೇಶ ಸಾಲುಸಾಲು ಅಣೆಕಟ್ಟುಗಳನ್ನು ಕಟ್ಟಿಕೊಂಡಿತು. ಅವುಗಳಲ್ಲಿ ದೊಡ್ಡದಾದ ಕೂರಿಸ್ ಜಲಾಶಯದಲ್ಲಿ 11.5 ಕೋಟಿ ಘನ ಮೀಟರ್ ನೀರು ಹಿಡಿಯುತ್ತದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಇದು ಸುಮಾರು 4 ಟಿಎಂಸಿ. ಕನ್ನಂಬಾಡಿ ಕಟ್ಟೆಯ 49 ಟಿಎಂಸಿಯ ಹನ್ನೆರಡನೆಯ ಒಂದು ಭಾಗ. 2008ರ ಬರಗಾಲದಲ್ಲಿ ಗ್ರೀಸ್‌ನಿಂದ ಹಡಗುಗಳಲ್ಲಿ ನೀರು ತರಿಸಬೇಕಾಗಿ ಬಂದಿತ್ತು. ಅದೇ ಕೂರಿಸ್ 2019ರ ವಸಂತದಲ್ಲಿ ಕೋಡಿ ಬಿದ್ದಾಗ, ಕೆ.ಆರ್.ಎಸ್. ತುಂಬಿದ ಸುದ್ದಿ ಕೇಳಿ ನಮ್ಮವರು ಹೊರಡುವ ಹಾಗೆಯೇ, ಜನ ಕುಟುಂಬ ಸಮೇತ ಅದನ್ನು ನೋಡಲು ಹೋದರು.

ಗೆಡ್ಡೆಯ ಗಿಡಗಳು ಮತ್ತು ಮೋಸದ ಹೂಗಳು

ಇಂಥ ಹವೆಯಲ್ಲಿ ಬದುಕಲು ಗಿಡಗಳಿಗೆ ಮುಖ್ಯವಾಗಿ ಎರಡು ದಾರಿಗಳಿವೆ. ಮೊದಲನೆಯದು, ಮಳೆ ಬಿದ್ದೊಡನೆ ಮೊಳೆತು, ಬಿಸಿಲು ಏರುವುದರೊಳಗೆ ಹೂ ಬಿಟ್ಟು, ಬೀಜ ಉದುರಿಸಿ ಸಾಯುವುದು. ಹೊಲದ ಬದುಗಳಲ್ಲಿ ಕೆಂಪಾಗಿ ಹರಡುವ ಗಸಗಸೆ ಜಾತಿಯ ಹೂಗಳೂ, ನಮ್ಮ ಸೇವಂತಿಗೆಗೆ ಹತ್ತಿರದ ಬಂಧುವಾದ ಹಳದಿ ಹೂಗಳೂ ಈ ಗುಂಪಿನವು. ಎರಡನೆಯದು, ಬೇಸಿಗೆಯಿಡೀ ನೆಲದೊಳಗೆ ಗೆಡ್ಡೆಯಾಗಿ ಮಲಗುವುದು. ಅಡುಗೆಮನೆಯ ಬುಟ್ಟಿಯಲ್ಲಿಟ್ಟ ಈರುಳ್ಳಿ ನೀರು ಮಣ್ಣುಗಳ ಹಂಗಿಲ್ಲದೆ ಮೊಳಕೆ ಬಿಡುವುದನ್ನು ನೋಡಿದವರಿಗೆ ಇದರ ಗುಟ್ಟು ತಿಳಿದೇ ಇರುತ್ತದೆ: ಕಳೆದ ವಸಂತದ ಎಲೆಗಳು ಮಾಡಿಟ್ಟ ಆಹಾರ ಒಳಗೆ ಸಿದ್ಧವಾಗಿರುವುದರಿಂದ ತೇವ ತಗುಲಿದ ಕೂಡಲೇ ಹೂವಿಗೆ ಹೊರಡಬಹುದು. ಟ್ಯುಲಿಪ್, ಅನಿಮೋನ್, ಆರ್ಕಿಡ್‌ಗಳೆಲ್ಲ ಹೀಗೆ ನೆಲದಡಿಯ ಗಂಟಿನಿಂದಲೋ ಗೆಡ್ಡೆಯಿಂದಲೋ ಏಳುವಂಥವು.

ದ್ವೀಪ ಉಳಿದ ನೆಲದಿಂದ ಬೇರೆಯಾಗಿ ಬಹುಕಾಲ ಉಳಿದ ಕಾರಣ ಜಗತ್ತಿನ ಬೇರೆಲ್ಲೂ ಇಲ್ಲದ ಸುಮಾರು 140 ಬಗೆಯ ಸಸ್ಯಗಳು ಅಲ್ಲಿವೆ. ಅವುಗಳಲ್ಲೊಂದು ಕಡುಗೆಂಪು ಬಣ್ಣದ ಸೈಪ್ರಸ್ ಟ್ಯುಲಿಪ್. ಹೂವಂಗಡಿಯ ಡಚ್ ಟ್ಯುಲಿಪ್ಪಿನಷ್ಟು ದೊಡ್ಡದಲ್ಲದ, ಒಳಗೆ ಬುಡದಲ್ಲಿ ಕಪ್ಪು ಮಚ್ಚೆಯಿರುವ ಈ ಹೂ ಮಾರ್ಚ್‌ನಿಂದ ಏಪ್ರಿಲ್‌ವರೆಗೆ ಪಶ್ಚಿಮದ ಅಕಾಮಸ್ ಪರ್ಯಾಯ ದ್ವೀಪದಲ್ಲಿ, ಉತ್ತರದ ಕೊರ್ಮಕೀತಿಸ್ ಸುತ್ತಮುತ್ತ, ಪಾಫೋಸ್ ಬಳಿಯ ಪೊಲೆಮಿ ಎಂಬ ಹಳ್ಳಿಯ ಹೊಲಗಳಲ್ಲಿ ಅರಳುತ್ತದೆ.

ಹತ್ತಿರದಿಂದ ನೋಡಬೇಕಾದ ಹೂ ಎಂದರೆ ಜೇನ್ನೊಣದ ಆರ್ಕಿಡ್. ನಮ್ಮ ಮಲೆನಾಡಿನ ಸೀತಾಳೆ ದಂಡೆಯಂತೆ ಇದು ಮರದ ಮೇಲೆ ಬೆಳೆಯುವುದಿಲ್ಲ. ಹುಲ್ಲಿನ ನಡುವೆ ಗೇಣುದ್ದ ನಿಂತಿರುತ್ತದೆ, ಕಾಲಿಗೆ ಸಿಕ್ಕಿದ ಮೇಲಷ್ಟೇ ಕಣ್ಣಿಗೆ ಬೀಳುವುದೂ ಉಂಟು. ದ್ವೀಪಕ್ಕೆ ಮಾತ್ರ ಸೇರಿದ ಒಂದು ಬಗೆಯಲ್ಲಿ ಹೂವಿನ ಕೆಳದಳ ಮಖಮಲ್ಲಿನಂಥ ಕಪ್ಪು, ಅದರ ಮೇಲೆ ಬಿಳಿಯ ಗೆರೆಗಳು, ಅಂಚಿನಲ್ಲಿ ರೋಮ. ದೂರದಿಂದ ನೋಡಿದರೆ ಹೂವಿನ ಮೇಲೆ ಒಂದು ಜೇನ್ನೊಣ ಕುಳಿತಿದೆ ಎಂದೇ ತೋರುತ್ತದೆ. ಈ ಜಾತಿಯ ಹೂಗಳಲ್ಲಿ ಮಕರಂದವಿಲ್ಲ. ಹೆಣ್ಣು ನೊಣದ ರೂಪವನ್ನೂ, ಅದಕ್ಕಿಂತ ಮುಖ್ಯವಾಗಿ ಅದರ ವಾಸನೆಯನ್ನೂ ಹೂ ಅನುಕರಿಸುತ್ತದೆ. ಗಂಡು ನೊಣ ಮೋಸಹೋಗಿ ಬಂದು ಕೂಡಲು ಹೆಣಗುವಾಗ ಪರಾಗದ ಎರಡು ಉಂಡೆಗಳು ಅದರ ಮೈಗೆ ಅಂಟಿಕೊಳ್ಳುತ್ತವೆ, ಅದು ಇನ್ನೊಂದು ಹೂವಿನಲ್ಲಿ ಮತ್ತೆ ಮೋಸಹೋದಾಗ ಆ ಪರಾಗ ಅಲ್ಲಿಗೆ ತಲುಪುತ್ತದೆ. ಆರ್ಕಿಡ್ ಬೀಜ ಮೊಳೆಯಲು ಮಣ್ಣಿನೊಳಗಿನ ಶಿಲೀಂಧ್ರದ ನೆರವು ಬೇಕಾದ್ದರಿಂದ ಕಿತ್ತು ತಂದು ಕುಂಡದಲ್ಲಿ ನೆಟ್ಟರೆ ಅದು ಬದುಕುವುದು ಕಷ್ಟ.

ಹಕ್ಕಿಗಳ ವಿಷಯಕ್ಕೆ ಬಂದರೆ, ಆಫ್ರಿಕಾ ಮತ್ತು ಯುರೋಪ್‌ಗಳ ನಡುವೆ ಹಾರುವ ಹಕ್ಕಿಗಳಿಗೆ ಈ ದ್ವೀಪ ಹೆದ್ದಾರಿಯ ಪಕ್ಕದ ತಂಗುದಾಣವಿದ್ದಂತೆ. ಲಾರ್ನಕ ಪಟ್ಟಣದ ಅಂಚಿನ ಉಪ್ಪುಸರೋವರದಲ್ಲಿ ಚಳಿಗಾಲವಿಡೀ ಸಾವಿರಾರು ರಾಜಹಂಸಗಳು ಸೀಗಡಿಯಂಥ ಸಣ್ಣ ಜೀವಿಗಳನ್ನು ಸೋಸಿ ತಿನ್ನುತ್ತ ನಿಂತಿರುತ್ತವೆ. ಮಾರ್ಚ್ ಮುಗಿಯುವ ಹೊತ್ತಿಗೆ ಬಹುಪಾಲು ಹೊರಟುಹೋಗುತ್ತವೆ. ಅವು ಹೋಗುವಾಗ ಪೂರ್ವ ಆಫ್ರಿಕಾದಿಂದ ಸೈಪ್ರಸ್ ವೀಟಿಯರ್ ಎಂಬ ಕಪ್ಪುಬಿಳುಪಿನ ಪುಟ್ಟ ಹಕ್ಕಿ ಬಂದಿಳಿಯುತ್ತದೆ. ಅದು ಮರಿ ಮಾಡುವುದು ಈ ದ್ವೀಪದಲ್ಲಿ ಮಾತ್ರ. ಬಲೆ ಹಾಕಿ, ಕಡ್ಡಿಗಳಿಗೆ ಅಂಟು ಸವರಿ ಸಣ್ಣ ಹಕ್ಕಿಗಳನ್ನು ಹಿಡಿದು ತಿನ್ನುವ ಹಳೆಯ ರೂಢಿಯೂ ಅಲ್ಲಿತ್ತು. ಕಾನೂನು ಅದನ್ನು ನಿಷೇಧಿಸಿ ದಶಕಗಳಾದರೂ ಕದ್ದುಮುಚ್ಚಿ ನಡೆಯುವುದು ಪೂರ್ತಿ ನಿಂತಿಲ್ಲ.

ಹಬ್ಬದ ದಿನ ಏಕೆ ಜಾರುತ್ತದೆ

ದ್ವೀಪದ ದಕ್ಷಿಣ ಭಾಗದ ಜನರಲ್ಲಿ ಹೆಚ್ಚಿನವರು ಗ್ರೀಕ್ ಮಾತನಾಡುವ ಆರ್ಥೊಡಾಕ್ಸ್ ಕ್ರೈಸ್ತರು. ಅವರ ಪಾಲಿಗೆ ವರ್ಷದ ದೊಡ್ಡ ಹಬ್ಬ ಕ್ರಿಸ್‌ಮಸ್ ಅಲ್ಲ. ಯೇಸುವಿನ ಪುನರುತ್ಥಾನವನ್ನು ಕೊಂಡಾಡುವ ಈಸ್ಟರ್, ಅಥವಾ ಪಾಸ್ಖ. ಇದಕ್ಕೆ ಇರುವ ಸೂತ್ರ ಪಂಚಾಂಗ ನೋಡುವ ನಮಗೆ ಅಪರಿಚಿತವೇನಲ್ಲ: ಮಾರ್ಚ್ 21ನ್ನು ವಿಷುವದ ದಿನವೆಂದು ಹಿಡಿದು, ಅದರ ನಂತರದ ಮೊದಲ ಹುಣ್ಣಿಮೆ ಕಳೆದು ಬರುವ ಭಾನುವಾರವೇ ಹಬ್ಬ. ಸೂರ್ಯ, ಚಂದ್ರ, ವಾರ ಈ ಮೂರನ್ನೂ ಹೊಂದಿಸಬೇಕಾದ್ದರಿಂದ ದಿನಾಂಕ ಪ್ರತಿವರ್ಷ ಸರಿಯುತ್ತದೆ.

ಹಾಗಾದರೆ ಬೆಂಗಳೂರಿನ ಚರ್ಚುಗಳಲ್ಲಿ ಈಸ್ಟರ್ ಮುಗಿದು ವಾರಗಳ ನಂತರ ಸೈಪ್ರಸ್‌ನಲ್ಲಿ ಅದೇ ಹಬ್ಬ ನಡೆಯುವುದೇಕೆ? ಆರ್ಥೊಡಾಕ್ಸ್ ಸಭೆಗಳು ಈ ಒಂದು ಲೆಕ್ಕಕ್ಕೆ ರೋಮನ್ನರ ಕಾಲದ ಜೂಲಿಯನ್ ಕ್ಯಾಲೆಂಡರನ್ನೇ ಇಟ್ಟುಕೊಂಡಿವೆ. ಆ ಕ್ಯಾಲೆಂಡರಿನ ವರ್ಷ ನಿಜವಾದ ಸೌರವರ್ಷಕ್ಕಿಂತ ಸುಮಾರು 11 ನಿಮಿಷ ಉದ್ದ. ಶತಮಾನಗಳಲ್ಲಿ ಈ ನಿಮಿಷಗಳು ಕೂಡಿಕೂಡಿ ಇಂದು ಎರಡು ಕ್ಯಾಲೆಂಡರುಗಳ ನಡುವೆ 13 ದಿನಗಳ ಅಂತರ ಬಿದ್ದಿದೆ. ಆದ್ದರಿಂದ ಅವರ ಮಾರ್ಚ್ 21 ನಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಏಪ್ರಿಲ್ 3. ಹುಣ್ಣಿಮೆಯನ್ನೂ ಅವರು ಆಕಾಶ ನೋಡಿ ನಿರ್ಧರಿಸದೆ ಹಳೆಯ ಕೋಷ್ಟಕದಿಂದ ತೆಗೆಯುತ್ತಾರೆ. ಸೂರ್ಯಸಿದ್ಧಾಂತದ ಪಂಚಾಂಗ ಮತ್ತು ದೃಗ್ಗಣಿತದ ಪಂಚಾಂಗಗಳಿಗೆ ತಿಥಿಯಲ್ಲಿ ಹೊಂದಿಕೆಯಾಗದೆ ನಮ್ಮ ಮಠಗಳಲ್ಲಿ ಏಕಾದಶಿ ಎರಡು ದಿನ ಬೀಳುವುದುಂಟಲ್ಲ, ಇದು ಅದೇ ಬಗೆಯ ತೊಡಕು. 2024ರಲ್ಲಿ ಪಾಶ್ಚಾತ್ಯ ಈಸ್ಟರ್ ಮಾರ್ಚ್ 31ರಂದು, ಆರ್ಥೊಡಾಕ್ಸ್ ಈಸ್ಟರ್ ಮೇ 5ರಂದು ಬಂತು. 2025ರಲ್ಲಿ ಎರಡೂ ಏಪ್ರಿಲ್ 20ರಂದು ಕೂಡಿದವು. 2026ರಲ್ಲಿ ಅಂತರ ಒಂದೇ ವಾರ, ಏಪ್ರಿಲ್ 5 ಮತ್ತು 12.

ವಸಂತದ ಉಳಿದ ದೊಡ್ಡ ಹಬ್ಬಗಳು ಈ ಒಂದು ಭಾನುವಾರಕ್ಕೆ ಕಟ್ಟಿಹಾಕಿದಂಥವು. ಅದಕ್ಕೆ 48 ದಿನ ಮೊದಲು ಉಪವಾಸ ಆರಂಭವಾಗುವ ಹಸಿರು ಸೋಮವಾರ. ಅದಾದ 50ನೆಯ ದಿನ ಕತಾಕ್ಲಿಸ್ಮೋಸ್ ಎಂಬ ನೀರಿನ ಹಬ್ಬ, ಅದೂ ಸೋಮವಾರವೇ. ಈ ಎರಡು ಸೋಮವಾರಗಳ ನಡುವಣ 98 ದಿನಗಳು, ಅಂದರೆ ಸರಿಯಾಗಿ ಹದಿನಾಲ್ಕು ವಾರಗಳು, ಹೆಚ್ಚುಕಡಿಮೆ ದ್ವೀಪದ ಹಸಿರು ಕಾಲವೂ ಹೌದು.

ಹೊಗೆಯ ಗುರುವಾರದಿಂದ ಹಸಿರು ಸೋಮವಾರಕ್ಕೆ

ಉಪವಾಸಕ್ಕೆ ಮೊದಲು ಮಾಂಸ, ಮೊಟ್ಟೆ, ಹಾಲಿನ ಪದಾರ್ಥಗಳನ್ನು ತಿಂದು ಮುಗಿಸಬೇಕು. ಇದು ಎರಡು ಹಂತದಲ್ಲಿ ನಡೆಯುತ್ತದೆ. ಹಸಿರು ಸೋಮವಾರಕ್ಕೆ 11 ದಿನ ಮೊದಲಿನ ಗುರುವಾರದಂದು ಮನೆಮನೆಯಲ್ಲೂ ಕೆಂಡದ ಮೇಲೆ ಮಾಂಸ ಸುಡುತ್ತಾರೆ. ಆ ದಿನದ ಗ್ರೀಕ್ ಹೆಸರಿನಲ್ಲಿಯೇ ಸುಟ್ಟ ಮಾಂಸದ ಕಮಟು ಇದೆ. ಅದರ ಮುಂದಿನ ವಾರ ಮಾಂಸ ಬಿಟ್ಟು ಗಿಣ್ಣು ಮಾತ್ರ ತಿನ್ನುವ ‘ಗಿಣ್ಣಿನ ವಾರ’. (ಇಲ್ಲಿ ಗಿಣ್ಣು ಎಂದರೆ ಹಾಲು ಒಡೆಸಿ ಗಟ್ಟಿ ಮಾಡಿದ ಚೀಸ್, ಈದ ಹಸುವಿನ ಗಿಣ್ಣುಹಾಲಲ್ಲ.) ಈ ದಿನಗಳಲ್ಲಿಯೇ ಕಾರ್ನಿವಲ್. ದಕ್ಷಿಣ ಕರಾವಳಿಯ ಲಿಮಸೋಲ್ ನಗರದ ಕಾರ್ನಿವಲ್ ಹೆಸರುವಾಸಿ; ಕೊನೆಯ ಭಾನುವಾರ ವೇಷ ಹಾಕಿದ ತಂಡಗಳು, ಅಲಂಕರಿಸಿದ ಗಾಡಿಗಳು ಬೀದಿಯಲ್ಲಿ ಮೆರವಣಿಗೆ ಹೊರಡುತ್ತವೆ.

ಮರುದಿನ ಬೆಳಗ್ಗೆ ಎಲ್ಲ ಬದಲು. ಗ್ರೀಸ್‌ನಲ್ಲಿ ‘ಶುದ್ಧ ಸೋಮವಾರ’ವೆಂದು ಕರೆಯುವ ಈ ದಿನಕ್ಕೆ ಸೈಪ್ರಸ್‌ನಲ್ಲಿ ‘ಹಸಿರು ಸೋಮವಾರ’ ಎಂಬ ಹೆಸರೂ ಬಂದಿರುವುದು, ಜನ ಪಟ್ಟಣ ಬಿಟ್ಟು ಹಸಿರಾದ ಹೊಲಗಳಿಗೆ ಬುತ್ತಿ ಕಟ್ಟಿಕೊಂಡು ಹೋಗುವುದರಿಂದ. ಬುತ್ತಿಯಲ್ಲಿ ರೊಟ್ಟಿ, ಆಲಿವ್, ಹಸಿ ತರಕಾರಿ, ಎಳ್ಳಿನ ಹಲ್ವ, ಬೀನ್ಸ್ ಇರುತ್ತವೆ. ಮಾಂಸ, ಮೊಟ್ಟೆ, ಹಾಲು ಇರುವುದಿಲ್ಲ. ಮೀನೂ ಇಲ್ಲ, ಆದರೆ ಆಕ್ಟೋಪಸ್, ಸೀಗಡಿ ಇರಬಹುದು. ಇದು ವಿಚಿತ್ರವೆನಿಸಬಹುದು, ಹಿಂದಿನ ತರ್ಕವೆಂದರೆ ಕೆಂಪು ರಕ್ತವಿರುವ ಪ್ರಾಣಿ ನಿಷಿದ್ಧ, ಇಲ್ಲದ್ದು ಸಲ್ಲುತ್ತದೆ. ಮಾರ್ಚ್‌ನ ಗಾಳಿಗೆ ಮಕ್ಕಳು ಗಾಳಿಪಟ ಹಾರಿಸುತ್ತಾರೆ, ದೊಡ್ಡವರು ಬದುಗಳಲ್ಲಿ ತಿನ್ನಬಹುದಾದ ಸೊಪ್ಪು ಆರಿಸುತ್ತಾರೆ. ಮಳೆಯ ನಂತರ ತಾನಾಗಿ ಏಳುವ ಬೆರಕೆ ಸೊಪ್ಪನ್ನು ಗುರುತಿಸುವ ವಿದ್ಯೆ ಅಲ್ಲಿನ ಹಿರಿಯ ಹೆಂಗಸರಲ್ಲಿ ಇಂದಿಗೂ ಇದೆ. ಕಾಡು ಶತಾವರಿಯ ಎಳೆಯ ಕುಡಿಯನ್ನು ಮೊಟ್ಟೆಯೊಂದಿಗೆ ಹುರಿದು ತಿನ್ನುವುದು ಅವರಿಗೆ ಬಲು ಇಷ್ಟ, ಉಪವಾಸವಿಲ್ಲದ ದಿನಗಳಲ್ಲಿ.

ಪವಿತ್ರ ವಾರ

ಈಸ್ಟರ್‌ಗೆ ಎಂಟು ದಿನ ಮೊದಲಿನ ಶನಿವಾರ ಲಾಜರನದು. ಯೇಸು ಸತ್ತವರೊಳಗಿಂದ ಎಬ್ಬಿಸಿದ ಲಾಜರನು ಮುಂದೆ ಸೈಪ್ರಸ್‌ಗೆ ಬಂದು ಇಂದಿನ ಲಾರ್ನಕದಲ್ಲಿ ಬಿಷಪ್ ಆಗಿದ್ದನೆಂಬುದು ದ್ವೀಪದವರ ನಂಬಿಕೆ. ಅವನ ಹೆಸರಿನ, 9ನೆಯ ಶತಮಾನದ ಕೊನೆಯ ಹೊತ್ತಿನ ಕಲ್ಲಿನ ಚರ್ಚಿನಿಂದ ಅವನ ಪಟವನ್ನು ಮೆರವಣಿಗೆಯಲ್ಲಿ ಹೊರಡಿಸುತ್ತಾರೆ. ಹಳ್ಳಿಗಳಲ್ಲಿ ಮಕ್ಕಳು ಮನೆಮನೆಗೆ ಹಾಡುತ್ತ ಹೋಗುವ ಪದ್ಧತಿಯಿತ್ತು: ಒಬ್ಬ ಹುಡುಗ ಲಾಜರನಾಗಿ ನೆಲದ ಮೇಲೆ ಮಲಗುತ್ತಾನೆ, ಉಳಿದವರು ಮೇಲೆ ಹೇಳಿದ ಹಳದಿ ಹೂಗಳಿಂದ ಅವನನ್ನು ಮುಚ್ಚುತ್ತಾರೆ, ‘ಲಾಜರನೇ, ಎದ್ದು ಬಾ’ ಎಂಬ ಸಾಲು ಬಂದಾಗ ಅವನು ಹೂವೆಲ್ಲ ಚೆಲ್ಲಿ ಎದ್ದು ನಿಲ್ಲುತ್ತಾನೆ. ಬಿತ್ತಿದ ಕಾಳು ಮಣ್ಣು ಸೀಳಿ ಏಳುವ ಕಾಲದಲ್ಲಿ ಈ ಆಟಕ್ಕೆ ಬೇರೆ ವ್ಯಾಖ್ಯಾನ ಬೇಕಿಲ್ಲ.

ಮರುದಿನ ಗರಿಗಳ ಭಾನುವಾರ. ಹೆಸರಿನಲ್ಲಿ ಖರ್ಜೂರದ ಗರಿಯಿದ್ದರೂ ಸೈಪ್ರಸ್‌ನಲ್ಲಿ ಮುಖ್ಯವಾಗಿ ಚರ್ಚಿಗೆ ಹೋಗುವುದು ಆಲಿವ್ ಎಲೆ. ಮನೆಯವರು ತಮ್ಮ ಮರದ ಎಲೆಗಳನ್ನು ಚೀಲದಲ್ಲೋ ದಿಂಬಿನ ಗವಸಿನಲ್ಲೋ ತುಂಬಿ ತಂದು ಚರ್ಚಿನೊಳಗೆ ಇಟ್ಟು ಹೋಗುತ್ತಾರೆ. ವಾರಗಟ್ಟಲೆ ಅಲ್ಲಿಯೇ ಒಣಗಿದ ಎಲೆ ಪವಿತ್ರವಾಯಿತೆಂದು ಆಮೇಲೆ ಮನೆಗೆ ಮರಳುತ್ತದೆ. ವರ್ಷವಿಡೀ ಅದನ್ನು ಪುಟ್ಟ ಧೂಪಾರತಿಯ ಕೆಂಡದ ಮೇಲೆ ಚಿಟಿಕೆಯಷ್ಟು ಉದುರಿಸಿ, ಪಟಪಟ ಸಿಡಿಯುವ ಎಲೆಯ ಹೊಗೆಯನ್ನು ಮನೆಯವರ ತಲೆಯ ಸುತ್ತ ಮೂರು ಸಲ ಸುಳಿಸುತ್ತಾರೆ. ದೃಷ್ಟಿ ತೆಗೆಯುವುದಕ್ಕೆ.

ಗುರುವಾರ ಮೊಟ್ಟೆಗಳಿಗೆ ಕೆಂಪು ಬಣ್ಣ ಕಟ್ಟುತ್ತಾರೆ. ಹಳೆಯ ಕ್ರಮದಲ್ಲಿ ಈ ಬಣ್ಣ ಬರುವುದು ನಮ್ಮ ಗಂಧಿಗೆ ಅಂಗಡಿಯ ಮಂಜಿಷ್ಠಕ್ಕೆ ಹತ್ತಿರದ ಗಿಡವೊಂದರ ಬೇರಿನಿಂದ. ಶುಭ ಶುಕ್ರವಾರದಂದು ಹೆಂಗಸರೂ ಹುಡುಗಿಯರೂ ಸೇರಿ ಯೇಸುವಿನ ಶವಪೆಟ್ಟಿಗೆಯ ಸಂಕೇತವಾದ ಮರದ ಮಂಟಪವನ್ನು ಹೂಗಳಿಂದ ತುಂಬುತ್ತಾರೆ. ಸಂಜೆ ಅದು ಮೋಂಬತ್ತಿ ಹಿಡಿದ ಜನರೊಂದಿಗೆ ಊರು ಸುತ್ತುವಾಗ ನಿಂಬೆ, ಕಿತ್ತಳೆ ತೋಟಗಳೂ ಹೂ ಬಿಟ್ಟಿರುತ್ತವೆ. ಶನಿವಾರ ಮಧ್ಯರಾತ್ರಿ ಚರ್ಚಿನ ದೀಪಗಳೆಲ್ಲ ಆರಿ, ಒಂದು ಜ್ವಾಲೆ ಮಾತ್ರ ಒಳಗಿನಿಂದ ಬಂದು ಮೋಂಬತ್ತಿಯಿಂದ ಮೋಂಬತ್ತಿಗೆ ಹಬ್ಬುತ್ತದೆ. ‘ಕ್ರಿಸ್ತೋಸ್ ಅನೇಸ್ತಿ’, ಕ್ರಿಸ್ತನು ಎದ್ದಿದ್ದಾನೆ, ಎಂಬ ಹಾಡು ಏಳುತ್ತದೆ. ಹೊರಗೆ ಅಂಗಳದಲ್ಲಿ ಯೇಸುವಿಗೆ ದ್ರೋಹ ಬಗೆದ ಯೂದನ ಬೊಂಬೆಯನ್ನು ದೊಡ್ಡ ಬೆಂಕಿಗೆ ಹಾಕುತ್ತಾರೆ. ಆ ಬೆಂಕಿಗೆ ಹುಡುಗರು ವಾರಗಳ ಮೊದಲೇ ಸೌದೆ ಕೂಡಿಹಾಕುತ್ತಾರೆ, ಪಕ್ಕದ ಕೇರಿಯ ರಾಶಿಯಿಂದ ಕದಿಯುತ್ತಾರೆ, ತಮ್ಮ ರಾಶಿಗೆ ರಾತ್ರಿ ಕಾವಲೂ ಕೂರುತ್ತಾರೆ. ಕಾಮನ ಹಬ್ಬಕ್ಕೆ ಸೌದೆ ಕದ್ದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕೈಯಲ್ಲಿ ತಯಾರಿಸಿದ ಪಟಾಕಿಗಳಿಂದ ಗಾಯಗಳಾಗುವುದು ಮಾತ್ರ ಅಲ್ಲಿನ ಪೊಲೀಸರಿಗೆ ಪ್ರತಿವರ್ಷದ ತಲೆನೋವು.

ಭಾನುವಾರ ಹೆಬ್ಬೆರಳು ಗಾತ್ರಕ್ಕಿಂತ ದೊಡ್ಡದಾದ ಮಾಂಸದ ತುಂಡುಗಳನ್ನು ಉದ್ದನೆಯ ಸಲಾಕೆಗೆ ಚುಚ್ಚಿ ಕೆಂಡದ ಮೇಲೆ ತಾಸುಗಟ್ಟಲೆ ತಿರುಗಿಸುವ ‘ಸೂವ್ಲ’. ಕೆಂಪು ಮೊಟ್ಟೆಗಳನ್ನು ಒಂದಕ್ಕೊಂದು ಕುಟ್ಟಿ, ಯಾರ ಮೊಟ್ಟೆ ಒಡೆಯದೆ ಉಳಿಯಿತೋ ಅವರಿಗೆ ಆ ವರ್ಷ ಅದೃಷ್ಟವೆನ್ನುತ್ತಾರೆ. ಮುಂದಿನ ಎರಡು ದಿನ ಹಳ್ಳಿಯ ಚೌಕದಲ್ಲಿ ಗೋಣಿಚೀಲದ ಓಟ, ಹಗ್ಗಜಗ್ಗಾಟ, ಗುಂಡುಕಲ್ಲು ಎತ್ತುವ ಸ್ಪರ್ಧೆ.

ಫ್ಲಾವುನ: ಉಪವಾಸದ ಲೆಕ್ಕ ತೀರಿಸುವ ತಿಂಡಿ

ಸೈಪ್ರಸ್‌ನ ಈಸ್ಟರನ್ನು ಒಂದು ತಿಂಡಿಯಲ್ಲಿ ಹಿಡಿದು ತೋರಿಸಬೇಕೆಂದರೆ ಅದು ಫ್ಲಾವುನ. ಉಪವಾಸದ ಏಳು ವಾರಗಳಲ್ಲಿ ಕೋಳಿಗಳೇನೂ ಮೊಟ್ಟೆ ಇಡುವುದನ್ನು ನಿಲ್ಲಿಸುವುದಿಲ್ಲ. ಹೊಸ ಹುಲ್ಲು ಮೇಯ್ದ ಕುರಿ ಮೇಕೆಗಳು ಹಾಲು ಹೆಚ್ಚು ಕೊಡುವುದೂ ಇದೇ ಕಾಲದಲ್ಲಿ. ತಿನ್ನುವಂತಿಲ್ಲದ ಮೊಟ್ಟೆ, ಕೆಡದಂತೆ ಗಿಣ್ಣು ಮಾಡಿಟ್ಟ ಹಾಲು ಎರಡೂ ಮನೆಯಲ್ಲಿ ಗುಡ್ಡೆ ಬೀಳುತ್ತವೆ. ಅವೆಲ್ಲ ಒಮ್ಮೆಗೇ ಖರ್ಚಾಗುವ ದಾರಿ ಇದು.

ಇದಕ್ಕೆಂದೇ ಮಾಡಿದ ಗಟ್ಟಿ ಗಿಣ್ಣನ್ನೂ ಹಲ್ಲೂಮಿಯನ್ನೂ ತುರಿದು, ಮೊಟ್ಟೆ, ರವೆ, ಒಣ ಪುದಿನ, ಒಣದ್ರಾಕ್ಷಿ ಸೇರಿಸಿ, ಕಾಡು ಚೆರಿಯ ಬೀಜದ ಪುಡಿ ಮತ್ತು ಮಸ್ತಿಕ್ ಎಂಬ ಮರದ ಅಂಟಿನಿಂದ ಪರಿಮಳ ಕೊಟ್ಟು, ಹುದುಗು ಬರಿಸಲು ಹೂರಣವನ್ನು ರಾತ್ರಿಯಿಡೀ ಬಿಡುತ್ತಾರೆ. ಬೆಳಗ್ಗೆ ಹಿಟ್ಟನ್ನು ತಟ್ಟೆಯಷ್ಟಗಲ ಲಟ್ಟಿಸಿ, ಒಂದು ಮಗ್ಗುಲನ್ನು ಎಳ್ಳಿಗೆ ಒತ್ತಿ, ಎಳ್ಳು ಹೊರಗೆ ಬರುವಂತೆ ತಿರುವಿ, ನಡುವೆ ಹೂರಣವಿಟ್ಟು ಅಂಚುಗಳನ್ನು ಮೂರು ಅಥವಾ ನಾಲ್ಕು ಕಡೆಯಿಂದ ಮಡಚುತ್ತಾರೆ. ನಮ್ಮ ಕರಿಗಡುಬಿನಂತೆ ಬಾಯಿ ಪೂರ್ತಿ ಮುಚ್ಚುವುದಿಲ್ಲ. ನಡುವಿನಲ್ಲಿ ತೆರೆದಿಟ್ಟ ಜಾಗದಿಂದ ಹೂರಣ ಒಲೆಯ ಕಾವಿಗೆ ಉಬ್ಬಿ ಹೊಂಬಣ್ಣಕ್ಕೆ ಬರುತ್ತದೆ. ಒಂದೊಂದು ಮನೆಯಲ್ಲಿ ಹತ್ತಾರು ಸುಟ್ಟು ನೆಂಟರಿಗೆ ಹಂಚುತ್ತಾರೆ. ಹಲ್ಲೂಮಿ ನೋಡಲು ಪನೀರ್‌ನಂತಿದ್ದರೂ ಉಪ್ಪುಪ್ಪಾಗಿ, ಹಲ್ಲಿಗೆ ಕಿರುಗುಟ್ಟುವಂಥದು, ಕಾಯಿಸಿದರೆ ಕರಗುವುದಿಲ್ಲ. 2021ರಲ್ಲಿ ಐರೋಪ್ಯ ಒಕ್ಕೂಟ ಅದರ ಹೆಸರಿಗೆ ಮೂಲಸ್ಥಳದ ರಕ್ಷಣೆ ಕೊಟ್ಟಿತು; ಮೈಸೂರು ಮಲ್ಲಿಗೆಗೆ ಇರುವ ಭೌಗೋಳಿಕ ಗುರುತಿನಂಥದ್ದೇ ವ್ಯವಸ್ಥೆ ಅದು.

ಗೆರೆಯ ಆಚೆ ಈಚೆ

ಈ ತಿಂಡಿ ದ್ವೀಪದ ಉತ್ತರದಲ್ಲಿಯೂ ಇದೆ, ‘ಪಿಲಾವುನ’ ಎಂಬ ಹೆಸರಿನಲ್ಲಿ. ಅಲ್ಲಿ ಅದನ್ನು ಮಾಡುವವರು ಟರ್ಕಿ ಭಾಷೆಯ ಮುಸ್ಲಿಮರು, ಅವರಿಗೆ ಅದು ಈಸ್ಟರ್‌ನ ತಿಂಡಿಯಲ್ಲ. ಎರಡು ಸಮುದಾಯಗಳ ನಡುವೆ 1963ರ ಕೊನೆಯಲ್ಲಿ ಗಲಭೆ ಹೊತ್ತಿಕೊಂಡಿತು. 1974ರಲ್ಲಿ ಗ್ರೀಸ್‌ನ ಸೇನಾಡಳಿತದ ಬೆಂಬಲದ ಕ್ಷಿಪ್ರಕ್ರಾಂತಿ, ಅದರ ಬೆನ್ನಿಗೇ ಟರ್ಕಿಯ ಸೇನೆಯ ಪ್ರವೇಶ ನಡೆದು ದ್ವೀಪ ಎರಡಾಯಿತು. ಉತ್ತರದಲ್ಲಿ 1983ರಲ್ಲಿ ಘೋಷಿಸಿಕೊಂಡ ಆಡಳಿತವನ್ನು ಟರ್ಕಿ ಮಾತ್ರ ಮಾನ್ಯ ಮಾಡಿದೆ. ನಡುವೆ ಸುಮಾರು 180 ಕಿ.ಮೀ. ಉದ್ದದ ತಡೆವಲಯವನ್ನು ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆ ಕಾಯುತ್ತದೆ.

ಕನ್ನಡ ನಾಡಿಗೂ ಈ ಪಡೆಗೂ ನಂಟಿದೆ. 1964ರಲ್ಲಿ ಸ್ಥಾಪನೆಯಾದ ಆ ಪಡೆಗೆ ಅದೇ ವರ್ಷ ದಂಡನಾಯಕರಾಗಿ ಹೋದವರು ಮಡಿಕೇರಿಯ ಜನರಲ್ ಕೆ.ಎಸ್. ತಿಮ್ಮಯ್ಯ. ಅಲ್ಲಿಯೇ ಕರ್ತವ್ಯದಲ್ಲಿದ್ದಾಗ 1965ರ ಡಿಸೆಂಬರ್ 18ರಂದು ಅವರು ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ಹೊರತಂದಿತು.

ಗೆರೆ ದಾಟುವ ಹಾದಿಗಳು ಜನರಿಗೆ ಮೊದಲು ತೆರೆದದ್ದೂ ಒಂದು ವಸಂತದಲ್ಲಿ, 2003ರ ಏಪ್ರಿಲ್ 23ರಂದು. ಉತ್ತರದವರ ವಸಂತದ ಹಬ್ಬ ಮೇ 5–6ರ ಹಿದ್ರೆಲ್ಲೆಜ್. ಅಲ್ಲಿನ ಬೆಟ್ಟಸಾಲಿನ ಸುಣ್ಣದ ನೆಲದಲ್ಲಿ ಆರ್ಕಿಡ್‌ಗಳೂ ಹೇರಳ. ಜನ ಬಿಟ್ಟುಹೋದ ತಡೆವಲಯದಲ್ಲಿ ಉಳುಮೆಯಾಗಲಿ ಕಟ್ಟಡವಾಗಲಿ ಇಲ್ಲದ ಕಡೆ ಕಾಡುಗಿಡಗಳೂ ಮೌಫ್ಲಾನ್ ಎಂಬ ಕಾಡುಕುರಿಗಳೂ ನೆಲೆಯೂರಿವೆ.

ಏನು ನೋಡಬಹುದು, ಯಾವಾಗ

ಬಾದಾಮಿ ಮರಗಳು ಹೂ ಬಿಡುವುದು ಫೆಬ್ರವರಿಯ ಹೊತ್ತಿಗೇ. ಆಗ ತ್ರೂದೊಸ್ ಮೇಲೆ ಹಿಮವೂ ಇರುವುದರಿಂದ ಒಂದೇ ದಿನ ಹಿಮವನ್ನೂ ಕಡಲನ್ನೂ ಮುಟ್ಟಿ ಬರಬಹುದು. ಕಾಡುಹೂಗಳಿಗೆ ಮಾರ್ಚ್ ಮತ್ತು ಏಪ್ರಿಲ್‌ನ ಮೊದಲರ್ಧ ಒಳ್ಳೆಯದು, ಎತ್ತರದ ಜಾಗಗಳಲ್ಲಿ ಇನ್ನೂ ತಡವಾಗಿ. ಅಕಾಮಸ್‌ನಲ್ಲಿ ಗುರುತು ಹಾಕಿದ ಕಾಲುದಾರಿಗಳಿವೆ. ಬಿಸಿಲು ಹೆಚ್ಚಿದಂತೆ ಹಾವುಗಳು ಹೊರಬರುತ್ತವೆ, ಅವುಗಳಲ್ಲಿ ವಿಷದ ಮಂಡಲ ಜಾತಿಯದೂ ಒಂದಿರುವುದರಿಂದ ಬೂಟು ಹಾಕಿ ನಡೆಯುವುದು ಲೇಸು. ವಸಂತದಲ್ಲಿ ಆಗಾಗ ಸಹಾರಾದ ದೂಳು ಕವಿದು ಆಕಾಶ ಮಂಕಾಗುವುದೂ ಉಂಟು.

ಪಾಫೋಸ್‌ನ ರೋಮನ್ ಕಾಲದ ಮನೆಗಳ ನೆಲಹಾಸುಗಳು 1962ರಲ್ಲಿ ರೈತನೊಬ್ಬ ಉಳುವಾಗ ಬೆಳಕಿಗೆ ಬಂದವು. ಬಣ್ಣದ ಪುಟ್ಟ ಕಲ್ಲುಗಳನ್ನು ಜೋಡಿಸಿ ಮಾಡಿದ ಪುರಾಣದ ಚಿತ್ರಗಳವು. ಅಲ್ಲಿಂದ ಪೂರ್ವಕ್ಕೆ ಕಡಲಂಚಿನಲ್ಲಿ ನಿಂತಿರುವ ಬಂಡೆಯ ಬಳಿ ಪ್ರೇಮದೇವತೆ ಅಫ್ರೊಡೈಟಿ ನೊರೆಯಿಂದ ಎದ್ದು ಬಂದಳೆಂದು ಕಥೆ. ಅವಳ ಪ್ರಿಯ ಅಡೋನಿಸ್ ಕಾಡುಹಂದಿಯ ಕೋರೆಗೆ ಸಿಕ್ಕಿ ಸತ್ತಾಗ ಅವನ ರಕ್ತ ಬಿದ್ದಲ್ಲಿ ಅನಿಮೋನ್ ಹೂ ಹುಟ್ಟಿತಂತೆ. ವಸಂತದಲ್ಲಿ ಬಂದು ಬೇಗ ಉದುರುವ ಹೂವಿಗೆ ತಕ್ಕ ಕಥೆ. ನನ್ನನ್ನು ಕೇಳಿದರೆ ಇವೆಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದದ್ದು ತ್ರೂದೊಸ್‌ನ ಚಿತ್ರಗಳ ಚರ್ಚುಗಳಿಗೆ. ಯುನೆಸ್ಕೋ ಪಟ್ಟಿಯಲ್ಲಿ ಇವು ಹತ್ತಿವೆ. ಹೊರಗಿನಿಂದ ನೋಡಿದರೆ ದನದ ಕೊಟ್ಟಿಗೆಯೆನಿಸುವ ಅಸಿನೂ ಚರ್ಚಿನ ಒಳಗೆ 12ನೆಯ ಶತಮಾನದ ಆರಂಭದಿಂದ ಬರೆದ ಚಿತ್ರಗಳು ಗೋಡೆ ತುಂಬ ಇವೆ. ಅದರ ಕಡಿದಾದ ಮಾಡು ಹಿಮ ಜಾರಿಹೋಗಲೆಂದು ಹೊದಿಸಿದ್ದು.

ಭಾರತದಿಂದ ಹೋದವರಿಗೆ ಒಂದು ಅನುಕೂಲವಿದೆ: ಬ್ರಿಟಿಷರ ಆಳ್ವಿಕೆಯ ಉಳಿಕೆಯಾಗಿ ಅಲ್ಲಿಯೂ ವಾಹನಗಳು ರಸ್ತೆಯ ಎಡಗಡೆಯಲ್ಲೇ ಓಡುತ್ತವೆ. ಶುಭ ಶುಕ್ರವಾರದಿಂದ ಸೋಮವಾರದವರೆಗೆ ಅನೇಕ ಅಂಗಡಿಗಳು ಮುಚ್ಚಿರುತ್ತವೆಂಬುದನ್ನು ನೆನಪಿಡಬೇಕು.

ಗುಲಾಬಿ ಮತ್ತು ನೀರು

ಮೇ ತಿಂಗಳಲ್ಲಿ ಕೆಳನಾಡು ಒಣಗತೊಡಗಿದಾಗ ಹೂವಿನ ಕಾಲ ಬೆಟ್ಟಕ್ಕೆ ಏರುತ್ತದೆ. ತ್ರೂದೊಸ್‌ನ ಅಗ್ರೋಸ್ ಹಳ್ಳಿಯಲ್ಲಿ ಡಮಾಸ್ಕಸ್ ಗುಲಾಬಿಯನ್ನು ಬಿಸಿಲೇರುವ ಮೊದಲೇ ಕೊಯ್ದು ಪನ್ನೀರು ಇಳಿಸುತ್ತಾರೆ. ಬಿಸಿಲು ತಾಗಿದರೆ ಪರಿಮಳದ ಎಣ್ಣೆ ಆರಿಹೋಗುತ್ತದೆ. ಪಾಫೋಸ್ ಮೊದಲಾದ ಪಟ್ಟಣಗಳಲ್ಲಿ ಅಂಥೆಸ್ತೀರಿಯ ಎಂಬ ಹೂವಿನ ಮೆರವಣಿಗೆ ಹೊರಡುತ್ತದೆ.

ಕೊನೆಯದು ಕತಾಕ್ಲಿಸ್ಮೋಸ್, ಅಂದರೆ ಜಲಪ್ರಳಯ. ಚರ್ಚಿನ ಲೆಕ್ಕದಲ್ಲಿ ಇದು ಪಂಚಾಶತ್ತಮ ಹಬ್ಬದ (ಪೆಂಟೆಕೋಸ್ಟ್, ಈಸ್ಟರ್ ದಿನವನ್ನೂ ಸೇರಿಸಿ ಎಣಿಸಿದರೆ ಐವತ್ತನೆಯ ದಿನ) ಮರುದಿನ. ಜನರು ನೋಹನ ಕಾಲದ ಪ್ರಳಯವನ್ನು ಇದಕ್ಕೆ ಜೋಡಿಸುತ್ತಾರೆ. ಲಾರ್ನಕದ ಕಡಲದಂಡೆಯಲ್ಲಿ ದಿನಗಟ್ಟಲೆ ಜಾತ್ರೆ, ಒಬ್ಬರ ಮೇಲೊಬ್ಬರು ನೀರೆರಚುವ ಆಟ, ದೋಣಿಯ ಪಂದ್ಯಗಳು. ಇಲ್ಲಿ ನಡೆಯುವ ‘ಚಾಟಿಸ್ತ’ ಎಂಬ ಪದಗಳ ಪಂದ್ಯ ಉತ್ತರ ಕರ್ನಾಟಕದ ಹರದೇಶಿ–ನಾಗೇಶಿ ಸವಾಲು ಕೇಳಿದವರಿಗೆ ಥಟ್ಟನೆ ಹತ್ತಿರವಾಗುತ್ತದೆ: ಇಬ್ಬರು ಹಾಡುಗಾರರು ಎದುರುಬದುರು ನಿಂತು, ಪಿಟೀಲಿನ ಹಿಮ್ಮೇಳಕ್ಕೆ, ಸ್ಥಳದಲ್ಲೇ ಪ್ರಾಸ ಕಟ್ಟಿ ಒಬ್ಬರನ್ನೊಬ್ಬರು ಗೇಲಿ ಮಾಡುತ್ತಾರೆ, ಉತ್ತರ ಹೊಳೆಯದವನು ಸೋತ. 2011ರಲ್ಲಿ ಯುನೆಸ್ಕೋ ಇದನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

2026ರಲ್ಲಿ ಹಸಿರು ಸೋಮವಾರ ಫೆಬ್ರವರಿ 23ಕ್ಕೆ, ಕತಾಕ್ಲಿಸ್ಮೋಸ್ ಜೂನ್ 1ಕ್ಕೆ. 2027ರಲ್ಲಿ ಈಸ್ಟರ್ ಮೇ 2ಕ್ಕೆ ಸರಿಯುವುದರಿಂದ ಅವು ಮಾರ್ಚ್ 15 ಮತ್ತು ಜೂನ್ 21. ಅಷ್ಟು ತಡವಾಗಿ ಬಂದ ವರ್ಷ ನೀರಿನ ಹಬ್ಬದ ಹೊತ್ತಿಗೆ ಲಾರ್ನಕದ ಸರೋವರದಲ್ಲಿ ನೀರು ಬತ್ತುತ್ತ ಬಂದು, ರಾಜಹಂಸಗಳು ನಿಂತಿದ್ದ ಜಾಗದಲ್ಲಿ ಬಿಳಿಯ ಉಪ್ಪಿನ ಹೆಪ್ಪು ಕಾಣತೊಡಗಿರುತ್ತದೆ.